ಕಟೌಟಿನಲ್ಲಿ ಇಲ್ಲದ ಹುಡುಗರು

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಕಡಬದ ಬಸ್ಸಿಗೆ ಕಾಯುವವನಿಗೆ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ. ಪಕ್ಕದಲ್ಲಿ ಕೂತ ಹಿರಿಯರು ಎಲೆಯಡಿಕೆ ಸಂಚಿ ಬಿಚ್ಚಿ, ಅಡಿಕೆ ಹೋಳು ಬಾಯಿಗೆ ಹಾಕುವಷ್ಟರಲ್ಲಿ ಮೊದಲನೆಯದು: "ನೀನು ಯಾರ ಮಗ?" ಎಲೆಗೆ ಸುಣ್ಣ ಹಚ್ಚುವಾಗ ಎರಡನೆಯದು: "ಎಲ್ಲಿವರೆಗೆ ಓದಿದ್ದು?" ಬಾಯಿ ಕೆಂಪಗಾಗುವ ಹೊತ್ತಿಗೆ ಮೂರನೆಯದು: "ಈಗ ಎಂತ ಕೆಲಸ?"

ಮೊದಲನೆಯದರಲ್ಲಿ ನಾನು ಫಸ್ಟ್ ಕ್ಲಾಸ್. ಉಳಿದ ಎರಡರಲ್ಲಿ ಫೇಲು!

"ಪಿಯುಸಿ ಅರ್ಧಕ್ಕೆ ಬಿಟ್ಟೆ. ಈಗ ಪತ್ರಿಕೆಗಳಿಗೆ ಬರೀತೇನೆ" ಎಂದರೆ ಹಿರಿಯರ ಮುಖ ಕರೆಂಟು ಹೋದ ಟಾಕೀಸಿನ ಪರದೆಯ ಹಾಗಾಗುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಛೆ... ಅಪ್ಪ ಒಳ್ಳೆಯ ಮನುಷ್ಯ" ಎನ್ನುತ್ತಾರೆ. ಮಗ ಸತ್ತ ಮನೆಗೆ ಹೋದವರು ಆಡುವ ಮಾತಿನ ಧಾಟಿ!

ಕೇಳುವವರನ್ನು ದೂರಿ ಫಲವಿಲ್ಲ. ತಲೆಯೆತ್ತಿ ನೋಡಿದರೆ ಸರಿಯುತ್ತರ ಅಲ್ಲೇ ನೇತಾಡುತ್ತಿರುತ್ತದೆ. ಬೆಂಗಳೂರಿನ ಗಾಂಧಿನಗರದಲ್ಲಿ ಹೀರೋಗಳಿಗೆ ಕಟೌಟು. ನಮ್ಮ ಪುತ್ತೂರು, ಸುಳ್ಯ, ಕಡಬದಲ್ಲಿ ಮಾರ್ಕು ತೆಗೆದವರಿಗೆ ಕಟೌಟು. ಎಪ್ರಿಲಿನಲ್ಲಿ ರಿಸಲ್ಟ್ ಬಂದದ್ದೇ ತಡ, ಫ್ಲೆಕ್ಸುಗಳು ಏಳುತ್ತವೆ. ಕೋಟು, ಟೈ ಹಾಕಿದ ಮಕ್ಕಳ ಫೋಟೋ, ಅದರ ಕೆಳಗೆ 600ಕ್ಕೆ ಇಷ್ಟೆಂದು ನಂಬರು. ಹಾಲಿನ ಅಭಿಷೇಕ ಒಂದು ಬಾಕಿ.

2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಶೇಕಡಾ 97.37 ಪಾಸಾಗಿ ರಾಜ್ಯಕ್ಕೇ ಫಸ್ಟ್ ಬಂತು. ಬೆಂಗಳೂರಿನ ರೂಮಿನಲ್ಲಿ ಕೂತು ನಾನೂ ಕಾಲರ್ ಎತ್ತಿಕೊಂಡೆ. ಆದರೆ ಲೆಕ್ಕದಲ್ಲಿ ಹಿಂದಿದ್ದವನಿಗೂ ಬರುವ ಒಂದು ಲೆಕ್ಕ ಉಂಟಲ್ಲ? ನೂರರಲ್ಲಿ ಅಷ್ಟು ಕಳೆದರೆ ಉಳಿಯುವುದು 2.63. ಅವರ ಫೋಟೋ ಯಾವ ಫ್ಲೆಕ್ಸಿನಲ್ಲೂ ಇಲ್ಲ. ನೂರಕ್ಕೆ ಐವತ್ತು ಮಂದಿ ಡುಮ್ಕಿ ಹೊಡೆಯುವ ಊರಿನಲ್ಲಿ ಫೇಲಾದವನಿಗೆ ಜೊತೆಗಾರರಿರುತ್ತಾರೆ. ಎಲ್ಲರೂ ಪಾಸಾಗುವ ಊರಿನಲ್ಲಿ ಫೇಲಾದವ ಒಬ್ಬನೇ!

2025ರಲ್ಲಿ ಉಡುಪಿ ಫಸ್ಟ್, ಶೇಕಡಾ 93.57ರೊಂದಿಗೆ ನಾವು ಸೆಕೆಂಡ್. ಆ ವರ್ಷ ಉಳಿದುಹೋದವರಲ್ಲಿ ನನ್ನ ಚಿಕ್ಕಪ್ಪನ ಮಗನೂ ಒಬ್ಬ.

ಮಹಾಲಿಂಗೇಶ್ವರನ ಜಾತ್ರೆಗೆಂದು ನಾನು ಊರಿಗೆ ಬಂದಿದ್ದೆ. ಎಪ್ರಿಲ್ 17, ಬ್ರಹ್ಮರಥದ ರಾತ್ರಿ. ಪುತ್ತೂರಿನ ಬೆಡಿ ಎಂದರೆ ಜಿಲ್ಲೆಗೇ ಹೆಸರು. ಆಕಾಶದಲ್ಲಿ ಬೆಡಿ ಸಿಡಿಯುತ್ತಿರುವಾಗಲೇ ನಾನು ಬಸ್‌ಸ್ಟ್ಯಾಂಡಿಗೆ ಓಡಿ ಬಂದೆ. ಬೆಂಗಳೂರಿನ ರಾತ್ರಿ ಬಸ್ಸಿಗೆ ಸೀಟು ಮಾಡಿದ್ದೆ. ಬಂದರೆ, ಒಂದು ದೊಡ್ಡ ಫ್ಲೆಕ್ಸಿನ ಬುಡದಲ್ಲಿ ಇವ ನಿಂತಿದ್ದಾನೆ. ಹೆಗಲಿಗೆ ಕಾಲೇಜಿನ ಬ್ಯಾಗು.

"ಅಣ್ಣ, ನಾನೂ ಬರ್ತೇನೆ. ಮನೆಯಲ್ಲಿ ಹೇಳ್ಲಿಲ್ಲ."

ಬ್ಯಾಗು ಬಿಚ್ಚಿಸಿದೆ. ಎರಡು ಪ್ಯಾಂಟು, ಒಂದು ಚಾರ್ಜರು, ಮತ್ತೆ ಹೇಳಲು ನಾಚಿಕೆಯಾಗುವ ಒಂದು ವಸ್ತು: ನನ್ನ ಲೇಖನ ಅಚ್ಚಾಗಿದ್ದ ಸಿನಿಮಾ ವಾರಪತ್ರಿಕೆ. ಲೇಖನದ ಹೆಸರು "ಓಡಿಹೋಗಿ ಗೆದ್ದವರು".

ಮಿತ್ರರೇ, ಆ ಹುಡುಗನಿಗೆ ನಾನೇನು ಹೇಳಿದೆ ಎನ್ನುವ ಮೊದಲು ಒಂದು ಫ್ಲ್ಯಾಶ್‌ಬ್ಯಾಕ್ ಆಗಲೇಬೇಕು. ಅದಿಲ್ಲದೆ ಈ ಕತೆ ಅರ್ಥವಾಗುವುದಿಲ್ಲ.

ಅಜ್ಜನ ಹೆಬ್ಬೆಟ್ಟು

ನಮ್ಮ ಅಜ್ಜ ಗೇಣಿ ಒಕ್ಕಲು. ಧಣಿಗಳ ಅಂಗಳದಲ್ಲಿ ನಿಂತೇ ಮಾತು, ಕೂರುವ ಪದ್ಧತಿಯಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಶಬ್ದ: ಡಿಕ್ಲರೇಶನ್. ಉಳುವವನೇ ಒಡೆಯನೆಂದು ಅರ್ಜಿ ಹಾಕಬೇಕು. ಆದರೆ ಅಜ್ಜನಿಗೆ ಅರ್ಜಿ ಬರೆಯಲು ಬರಬೇಕಲ್ಲ? ಶಾಲೆಯ ಮಾಷ್ಟ್ರು ತುಂಬಿಸಿ ಕೊಟ್ಟರು, ಅಜ್ಜ ಹೆಬ್ಬೆಟ್ಟು ಒತ್ತಿದರು.

ಮುಂದೆ ಅಜ್ಜ ಹೇಳುತ್ತಿದ್ದ ಮಾತು ಮನೆಯವರಿಗೆಲ್ಲ ಬಾಯಿಪಾಠ: "ಅಕ್ಷರ ಗೊತ್ತಿದ್ದವರ ಎದುರು ನಾನು ಎರಡು ಸಲ ಕೈಮುಗಿದೆ. ಜಾಗ ಇಲ್ಲದಾಗ ಒಮ್ಮೆ, ಜಾಗ ಸಿಗುವಾಗ ಇನ್ನೊಮ್ಮೆ. ನನ್ನ ಮಕ್ಕಳು ಹಾಗೆ ಮುಗಿಯುವುದು ಬೇಡ."

ಅಜ್ಜನ ಪಾಲಿಗೆ ವಿದ್ಯೆ ಎಂದರೆ ಇಷ್ಟೇ. ತಲೆಯೆತ್ತಿ ನಿಲ್ಲಲಿಕ್ಕೆ ಬೇಕಾದ ಒಂದು ಏಣಿ.

ಕಾನೂನು ಬಂದ ಮರುವರ್ಷ, 1975ರಲ್ಲಿ, ಬಿ.ವಿ. ಕಾರಂತರ 'ಚೋಮನ ದುಡಿ' ತೆರೆಗೆ ಬಂತು. ನಮ್ಮ ಪುತ್ತೂರಿನ ಶಿವರಾಮ ಕಾರಂತರು 1933ರಲ್ಲೇ ಬರೆದ ಕಾದಂಬರಿ. ಚಿತ್ರಕ್ಕೆ ಸ್ವರ್ಣಕಮಲ, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಅಜ್ಜ ಅದನ್ನು ನೋಡಲು ಹೋದವರು ಅರ್ಧಕ್ಕೇ ಎದ್ದು ಬಂದರಂತೆ. "ಸ್ವಂತ ಗದ್ದೆ ಬೇಕೆನ್ನುವವನ ಸಂಕಟ ನೋಡ್ಲಿಕ್ಕೆ ನಾನು ಟಿಕೇಟು ತೆಗೀಬೇಕಾ?" ಎಂದರಂತೆ. ಆದರೆ ನಿಜ ಹೇಳಬೇಕು. ಗೇಣಿ ಮಾಡಿದ್ದ ನಮ್ಮಜ್ಜನಿಗೆ ಭೂಮಿ ಸಿಕ್ಕಿತು. ಚೋಮನ ಹಾಗೆ ಬರೀ ಕೂಲಿಯವರಾಗಿದ್ದವರಲ್ಲಿ ಹೆಚ್ಚಿನವರಿಗೆ ಆ ಕಾನೂನಿನಿಂದಲೂ ಗದ್ದೆ ಸಿಗಲಿಲ್ಲ. ಸಿಲೋನಿನಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗಿಗೆ ನಿಂತ ತಮಿಳರದ್ದೂ ಅದೇ ಪಾಡು. ಅವರ ಮನೆಯ ಹುಡುಗನಿಗೆ ವಿದ್ಯೆ ಇವತ್ತಿಗೂ ಏಣಿಯೇ. "ಓದಿ ಏನಾಗ್ತದೆ" ಎಂದು ನನ್ನಂಥವನು ಅವನೆದುರು ಭಾಷಣ ಬಿಗಿದರೆ ಅವ ಕಪಾಳಕ್ಕೆ ಬಾರಿಸಿದರೂ ತಪ್ಪಿಲ್ಲ.

ಏಣಿಯನ್ನು ಕಟ್ಟಿಕೊಟ್ಟವರೂ ನಮ್ಮಲ್ಲಿ ಇದ್ದರು. ಪುತ್ತೂರಿನಲ್ಲಿ 1958ಕ್ಕೆ ಫಿಲೋಮಿನಾ ಕಾಲೇಜು, 1965ಕ್ಕೆ ವಿವೇಕಾನಂದ ಕಾಲೇಜು ಬಂತು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ತೆರೆದರು. ಹತ್ತು ವರ್ಷದಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತಂದರು. ಇತ್ತ 1973ರಲ್ಲಿ ಕ್ಯಾಂಪ್ಕೋ ಹುಟ್ಟಿ ಅಡಿಕೆಗೆ ಒಂದು ದಾರಿಯಾಯಿತು. 1986ಕ್ಕೆ ಪುತ್ತೂರಿನಲ್ಲಿ ಅದರದ್ದೇ ಚಾಕೊಲೇಟ್ ಕಾರ್ಖಾನೆಯೂ ಎದ್ದಿತು. ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಅಪ್ಪಂದಿರು ಅಡಿಕೆ ಮಾರಿ ಮಕ್ಕಳ ಫೀಸು ಕಟ್ಟಿದರು. ಫೀಸು ಕಟ್ಟಿಸಿಕೊಂಡ ಮಕ್ಕಳು ಅಡಿಕೆ ಬಿಟ್ಟು ಹೋದರು!

ಏಣಿ ತಕ್ಕಡಿಯಾದದ್ದು ಅಲ್ಲೆಲ್ಲೋ. ಮೊದಲು ಅದನ್ನು ಹತ್ತುತ್ತಿದ್ದರು. ಈಗ ಅದರಲ್ಲಿ ಕೂರಿಸಿ ತೂಗುತ್ತಾರೆ.

"ತೋಟ ಉಂಟಾ?"

ತೂಗುವುದು ಹೇಗೆಂದು ನೋಡಬೇಕಾದರೆ ಮದುವೆ ಮಾತುಕತೆಗೆ ಹೋಗಿ ಕೂರಬೇಕು. ನಮ್ಮ ನೆರೆಮನೆಯ ಅಣ್ಣನೊಬ್ಬನಿಗೆ ಮೂವತ್ತೆಂಟು ವರ್ಷ. ಮೂರೆಕ್ರೆ ಅಡಿಕೆ ತೋಟ, ಹೊಸ ಮನೆ, ಮನೆಯೆದುರು ಕಾರು. ಮರ ಹತ್ತುವವರು ಸಿಗುವುದಿಲ್ಲವೆಂದು ಫೈಬರ್ ದೋಟಿ ತಂದು, ನೆಲದಲ್ಲೇ ನಿಂತು ತಾನೇ ಮದ್ದು ಬಿಡುತ್ತಾನೆ, ತಾನೇ ಕೊನೆ ತೆಗೆಯುತ್ತಾನೆ. ಕುಡಿತವಿಲ್ಲ, ಇಸ್ಪೀಟಿಲ್ಲ. ಹುಡುಗಿ ಮಾತ್ರ ಸಿಕ್ಕಿಲ್ಲ.

ಹುಡುಗಿಯ ಅಪ್ಪ ಕೇಳುವುದು ಎರಡು ಪ್ರಶ್ನೆ. "ತೋಟ ಉಂಟಾ?" ಇದಕ್ಕೆ ಹೌದು ಅನ್ನಬೇಕು. "ಹುಡುಗ ತೋಟದಲ್ಲೇ ಇರುವುದಾ?" ಇದಕ್ಕೆ ಅಲ್ಲ ಅನ್ನಬೇಕು! ಕೇಳುವವರೂ ತೋಟದವರೇ. ತಾವು ಬಾಳಿದ ಬಾಳು ತಮ್ಮ ಮಗಳಿಗೆ ಬೇಡ.

ಇದನ್ನು ಒಮ್ಮೆ ಅಕ್ಕನ ಹತ್ತಿರ ತಮಾಷೆಯಾಗಿ ಹೇಳಿದೆ. ಅಕ್ಕ ಎಂಕಾಂ ಓದಿ ಬೆಂಗಳೂರಿಗೆ ಮದುವೆಯಾದವಳು. ನಗಲಿಲ್ಲ. "ಅಮ್ಮನ ಕೈ ನೋಡಿದ್ದೀಯಾ ನೀನು?" ಎಂದಳು. "ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು, ಬೆಳಿಗ್ಗೆ ಐದಕ್ಕೆ ಹಟ್ಟಿಗೆ ಹೋದ ಕೈ ಅದು. ನಿನಗೆ ಸಿನಿಮಾ ಇಷ್ಟ, ಹೇಳಿಹೋದೆಯಾ? ಇಲ್ಲ, ಓಡಿಹೋದೆ. ಅಮ್ಮ ಎಲ್ಲಿಗೆ ಓಡುವುದು? ನಾವು ಹುಡುಗಿಯರು ಓದಿಯೇ ಓಡಬೇಕು ಮಾರಾಯ."

ನನಗೆ ಬಾಯಿ ಬರಲಿಲ್ಲ. ತೋಟದ ಹುಡುಗನಿಗೆ ಹೆಣ್ಣು ಕೊಡುವುದಿಲ್ಲವೆಂದು ನಾವು ಗಂಡಸರು ಗೊಣಗುವಾಗ, ತೋಟದ ಮನೆಯಲ್ಲಿ ಹೆಣ್ಣಿನ ಕೆಲಸಕ್ಕೆ ಯಾವ ಮಾರ್ಕು ಕೊಟ್ಟಿದ್ದೇವೆ ಎಂದು ಕೇಳಿಕೊಂಡದ್ದುಂಟೇ?

ಅಕ್ಕನ ಕತೆಯಲ್ಲೂ ಒಂದು ಕಾಮಿಡಿ ಸೀನ್ ಉಂಟು. 2018ರಲ್ಲಿ ರಿಷಬ್ ಶೆಟ್ಟರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಬಂದಾಗ ಮನೆಮಂದಿಯೆಲ್ಲ ಹೋಗಿ ನೋಡಿದೆವು. ಮುಚ್ಚಲಿಕ್ಕೆ ಹೊರಟ ಕನ್ನಡ ಶಾಲೆಯನ್ನು ಮಕ್ಕಳು ಉಳಿಸಿಕೊಳ್ಳುವ ಕತೆ. ಅಕ್ಕ ಕಣ್ಣೊರೆಸಿಕೊಂಡಳು, ಭಾವ ಚಪ್ಪಾಳೆ ಹೊಡೆದರು, ನಾನು ಸಿಳ್ಳೆ ಹಾಕಿದೆ. ಮರುವರ್ಷ ಅಕ್ಕನ ಮಗನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದ್ದೂ ನಾವೇ ಮೂವರು. ಪರದೆಯ ಮೇಲೆ ಒಂದು ಮೌಲ್ಯ, ಪಾರ್ಕಿಂಗಿಗೆ ಬಂದ ಮೇಲೆ ಇನ್ನೊಂದು!

ಅಪ್ಪ ಹೇಳಿದ ಸುಳ್ಳು

ಇನ್ನು ನನ್ನ ಸರದಿ. ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕು ಚೆನ್ನಾಗಿ ಬಂತು. ಅದೇ ನನ್ನ ಗ್ರಹಚಾರ. "ಸೈನ್ಸ್ ಅಲ್ಲದೆ ಮತ್ತೆಂತದು?" ಎಂದರು ಊರಿನವರು. ಅಪ್ಪನೂ ಹಾಗೇ ಅಂದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಫಿಸಿಕ್ಸ್ ನೋಟ್ಸಿನ ಹಿಂದಿನ ಪುಟಗಳಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಾ ಒಂದೂವರೆ ವರ್ಷ ಕಳೆದೆ.

2014ರ ಕೊನೆಗೆ ಸಿಇಟಿ ಕೋಚಿಂಗಿಗೆಂದು ಅಪ್ಪ ಒಳ್ಳೆಯ ರೇಟಿಗೆ ಕಾದಿಟ್ಟ ಹಳೆ ಅಡಿಕೆ ಮಾರಿ ದುಡ್ಡು ಕೊಟ್ಟರು. ಆ ದುಡ್ಡಿನಲ್ಲೇ ನಾನು ಬೆಂಗಳೂರಿನ ಬಸ್ಸು ಹತ್ತಿದೆ. ಸಿನಿಮಾದಲ್ಲಾದರೆ ಇಲ್ಲಿ ಒಂದು ಹಾಡು ಬರುತ್ತದೆ, ಹಾಡು ಮುಗಿಯುವಾಗ ಹೀರೋ ದೊಡ್ಡವನಾಗಿರುತ್ತಾನೆ. ನನಗೆ ಹಾಡು ಬರಲಿಲ್ಲ. ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಕಾಗದದ ಪ್ರೂಫ್ ತಿದ್ದುತ್ತಾ, ರಾತ್ರಿ ಪೇಪರ್ ಬಂಡಲಿನ ಮೇಲೆ ಮಲಗುತ್ತಾ ಎರಡು ವರ್ಷ ಹೋಯಿತು. ಆ ಎರಡು ವರ್ಷವೂ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಫೋನು ಮಾಡಿದರೆ ಅಮ್ಮನ ಕೈಗೆ ಕೊಡುತ್ತಿದ್ದರು.

2017ರಲ್ಲಿ ಸುಳ್ಯದಲ್ಲಿ ನೆಂಟರ ಮದುವೆ. ಬಫೆಯ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಸ್ವಲ್ಪ ದೂರದಲ್ಲಿ ಅಪ್ಪ. ಯಾರೋ ಕೇಳಿದರು, "ಮಗ ಈಗ ಎಂತ ಮಾಡ್ತಾನೆ?" ಅಪ್ಪ ಹೇಳಿದರು, "ಬೆಂಗಳೂರಿನಲ್ಲಿ ಕಂಪೆನಿಯಲ್ಲಿದ್ದಾನೆ."

ನಮ್ಮಪ್ಪ ಚಾಲಿಯ ಗೋಣಿಗೆ ಒಂದು ಪಟೋರ ಅಡಿಕೆ ಬೆರೆಸಿದವರಲ್ಲ. ಅಂಗಡಿಯವ ಲೆಕ್ಕ ತಪ್ಪಿ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಬಸ್ಸಿನಿಂದ ಇಳಿದು ಹೋಗಿ ವಾಪಸು ಕೊಟ್ಟವರು. ಅಂಥವರು ಸುಳ್ಳು ಹೇಳಿದ್ದನ್ನು ನಾನು ಜೀವಮಾನದಲ್ಲಿ ಕೇಳಿದ್ದು ಅದೊಂದೇ ಸಲ. ತಿರುಗಿದವರಿಗೆ ನಾನು ಕಂಡೆ. ಇಬ್ಬರೂ ಏನೂ ಅನ್ನಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತು, "ಊಟ ಸರಿಯಾಯ್ತಾ?" ಎಂದು ಕೇಳಿದರು. ಎರಡು ವರ್ಷಗಳ ನಂತರದ ಮೊದಲ ಮಾತು.

ನಾನು ಫೇಲಾದದ್ದು ಪಿಯುಸಿಯಲ್ಲಲ್ಲ. ಆ ಮದುವೆ ಹಾಲಿನಲ್ಲಿ. ಮಾರ್ಕ್ಸ್ ಕಾರ್ಡು ನನ್ನೊಬ್ಬನದ್ದಾಗಿದ್ದರೆ ಬಿಸಾಡಿ ಬಿಡಬಹುದಿತ್ತು. ನಮ್ಮಲ್ಲಿ ಅದು ಅಪ್ಪನ ಹೆಗಲ ಮೇಲಿನ ಶಾಲು. ಹರಿದರೆ ಅವರು ಜನರೆದುರು ಬರಲಾರರು.

ನಾನು ಬರೆಯದೆ ಬಿಟ್ಟ ಅರ್ಧ

ಫ್ಲ್ಯಾಶ್‌ಬ್ಯಾಕ್ ಮುಗಿಯಿತು. ಮತ್ತೆ ಬಸ್‌ಸ್ಟ್ಯಾಂಡು, ಬೆಡಿಯ ಸದ್ದು, ಆ ಹುಡುಗ.

"ಅಣ್ಣ, ನೀನೇ ಬರೆದದ್ದಲ್ವಾ? ರಾಜ್‌ಕುಮಾರ್ ಶಾಲೆ ಬಿಟ್ಟವರು. ಬಿ.ವಿ. ಕಾರಂತರು ಮನೆ ಬಿಟ್ಟು ಓಡಿದವರು. ಶಿವರಾಮ ಕಾರಂತರು ಕಾಲೇಜು ಬಿಟ್ಟವರು..."

ಬರೆದದ್ದು ನಿಜ. ಒಂದು ಅಕ್ಷರ ಸುಳ್ಳಿಲ್ಲ. ಆದರೆ ಅರ್ಧವೇ ಬರೆದಿದ್ದೆ. ಉಳಿದರ್ಧ ಬರೆದರೆ ಲೇಖನಕ್ಕೆ ಗಮ್ಮತ್ತು ಇರುತ್ತಿರಲಿಲ್ಲ ನೋಡಿ. ಅದನ್ನು ಆ ರಾತ್ರಿ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಹೇಳಿದೆ. ಆಗ ಬಿಟ್ಟದ್ದನ್ನು ನಿಮಗೂ ಈಗ ಹೇಳುವುದು ನನ್ನ ಸಾಲ.

ಅಣ್ಣಾವ್ರು ಶಾಲೆ ಬಿಟ್ಟದ್ದು ಶೋಕಿಗಲ್ಲ, ಬಡತನಕ್ಕೆ. ಬಿಟ್ಟವರು ಸೇರಿದ್ದು ಗುಬ್ಬಿ ಕಂಪೆನಿಗೆ. ನಾಟಕ ಕಂಪೆನಿ ಎಂದರೆ ಮಾತು, ರಾಗ, ಶಿಸ್ತು ಎಲ್ಲ ಕಲಿಸುವ ಪಾಠಶಾಲೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಹೀರೋ ಆಗುವ ಮೊದಲು ಅಲ್ಲಿ ಅವರು ಕಲಿತದ್ದು ಎಷ್ಟು ಡಿಗ್ರಿಗೆ ಸಮ? 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಶಾಲೆ ಬಿಟ್ಟದ್ದಕ್ಕಲ್ಲ, ಕಲಿತದ್ದಕ್ಕೆ.

ಬಿ.ವಿ. ಕಾರಂತರು ನಮ್ಮ ಪಕ್ಕದ ಬಂಟ್ವಾಳ ತಾಲೂಕಿನ ಮಂಚಿಯವರು. ಓಡಿಹೋಗಿ ಗುಬ್ಬಿ ಕಂಪೆನಿ ಸೇರಿದ್ದು ಹೌದು. ಆಮೇಲೆ? ಬನಾರಸ್ಸಿಗೆ ಹೋಗಿ ಎಂ.ಎ. ಓದಿದರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು. ಓಡಿದವರು ಮತ್ತೆ ಶಾಲೆಯ ಕಡೆಗೇ ಓಡಿದರು!

ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟರು. ಪುತ್ತೂರಿನಲ್ಲಿ ಕೂತು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ, ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ಕಾಲೇಜು ಬಿಟ್ಟವರು ಓದು ಬಿಡಲಿಲ್ಲ. ನಾನು ಎರಡನ್ನೂ ಒಟ್ಟಿಗೆ ಬಿಟ್ಟೆ. ಓದಿಗೆ ಮರಳಲಿಕ್ಕೆ ನನಗೆ ಐದು ವರ್ಷ ಬೇಕಾಯಿತು.

"ಮತ್ತೆ ನೀನು? ನಿನ್ನ ಹೆಸರು ಪೇಪರಿನಲ್ಲಿ ಬರ್ತದಲ್ಲ?" ಎಂದ.

"ಹೆಸರು ಬರ್ತದೆ. ಬಾಡಿಗೆ ಕೊಡುವ ದಿನ ಎದೆ ಡವಗುಟ್ತದೆ. ಖಾಯಂ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಮೊದಲು ಡಿಗ್ರಿ ಕೇಳಿದರು, ಆಮೇಲೆ ಚಹ ಕುಡಿಸಿ ಕಳಿಸಿದರು. ನಿನಗೆ ಕ್ಯಾಮರಾ ಹುಚ್ಚು ತಾನೇ? ಗುರುದತ್ತರ 'ಕಾಗಜ್ ಕೆ ಫೂಲ್'ಗೆ ಕ್ಯಾಮರಾ ಹಿಡಿದ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿದವರು. ಕ್ಯಾಮರಾ ಕಲಿಸುವಲ್ಲೂ ಬಾಗಿಲಲ್ಲಿ ಮಾರ್ಕ್ಸ್ ಕಾರ್ಡ್ ಕೇಳ್ತಾರೆ ತಮ್ಮ. ಸೈನ್ಸ್ ಬಿಡುವುದಾದರೆ ಬಿಡು. ಪಾಸಾಗಿ ಬಿಡು."

2024ರಲ್ಲಿ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಮಾಡಿದ್ದರು. ಪರೀಕ್ಷೆ-2ಕ್ಕೆ ಇನ್ನು ಒಂದೇ ವಾರವಿತ್ತು. ಬೆಂಗಳೂರಿನ ಬಸ್ಸು ಬಂತು, ಹಾರ್ನ್ ಹಾಕಿತು, ನನ್ನ ಸೀಟು ಖಾಲಿಯಾಗಿಯೇ ಹೋಯಿತು. ನಾವಿಬ್ಬರೂ ಜಾತ್ರೆ ಮುಗಿಸಿ ಮರಳುತ್ತಿದ್ದ ನೆರೆಯವರ ಜೀಪಿನ ಹಿಂದೆ ನೇತಾಡಿಕೊಂಡು ಉಪ್ಪಿನಂಗಡಿ, ಆಲಂಕಾರು ದಾಟಿ ಊರು ಸೇರಿದೆವು.

ಮನೆಯಲ್ಲಿ ಎಲ್ಲ ದೀಪಗಳೂ ಉರಿಯುತ್ತಿದ್ದವು. ಜಗಲಿಯಲ್ಲಿ ಚಿಕ್ಕಪ್ಪ, ಪಕ್ಕದಲ್ಲಿ ಅಪ್ಪ. ಹುಡುಗನನ್ನು ಕಂಡದ್ದೇ ಚಿಕ್ಕಪ್ಪ ಕೈ ಎತ್ತಿಕೊಂಡು ಇಳಿದು ಬಂದರು. ಅಪ್ಪ ಆ ಕೈ ಹಿಡಿದರು.

"ಬೇಡ. ನಾನು ಎರಡು ವರ್ಷ ಮಾತು ಬಿಟ್ಟು ನೋಡಿದ್ದೇನೆ. ಅದರಿಂದ ಯಾರೂ ಪಾಸಾಗ್ಲಿಲ್ಲ."

ನಾನು ಅಂಗಳದ ಕತ್ತಲೆಗೆ ಸರಿದು ನಿಂತೆ.

ಹುಡುಗ ಪರೀಕ್ಷೆ-2ರಲ್ಲಿ ಪಾಸಾದ. ಫ್ಲೆಕ್ಸಿಗೆ ಸಾಲದ ಮಾರ್ಕು, ಬದುಕಿಗೆ ಸಾಕು. ಈಗ ಆರ್ಟ್ಸ್ ಡಿಗ್ರಿಗೆ ಹೋಗುತ್ತಾನೆ. ರಜೆಯಲ್ಲಿ ಮದುವೆಗಳಿಗೆ ಕ್ಯಾಮರಾ ಹಿಡಿಯುತ್ತಾನೆ, ಮಳೆಗಾಲಕ್ಕೆ ಮೊದಲು ತೋಟಕ್ಕೆ ಮದ್ದು ಬಿಡಲು ದೋಟಿಯನ್ನೂ ಹಿಡಿಯುತ್ತಾನೆ. ಹಿರಿಯರು ಕೇಳುವ ಮೂರು ಪ್ರಶ್ನೆಗೆ ಅವನ ಹತ್ತಿರ ಉತ್ತರ ಉಂಟು. ನಾಲ್ಕನೆಯ ಪ್ರಶ್ನೆಯೊಂದನ್ನು ಯಾರೂ ಕೇಳುವುದಿಲ್ಲ: "ಖುಷಿಯಲ್ಲಿದ್ದೀಯಾ?" ಮೊನ್ನೆ ನಾನೇ ಕೇಳಿದೆ. "ಎಂತದೋ ಗೊತ್ತಿಲ್ಲ ಅಣ್ಣ, ರಾತ್ರಿ ನಿದ್ರೆ ಬರ್ತದೆ" ಎಂದ. ಸಾಕಲ್ಲವೇ?

ಈ ಪುಟವನ್ನು ನೀವೂ ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ಕೂತು ಓದುತ್ತಿರಬಹುದು. ಜೇಬಿನಲ್ಲಿ ಮನೆಗೆ ತೋರಿಸದ ರಿಸಲ್ಟ್ ಇರಬಹುದು, ಎದುರಿಗೆ ಬೆಂಗಳೂರಿನ ಬಸ್ಸು ನಿಂತಿರಬಹುದು. ಹತ್ತಬೇಡಿ ಎನ್ನಲು ನಾನು ಯಾರು? ಆದರೆ ಆ ಬಸ್ಸು ನಾಳೆಯೂ ಉಂಟು, ನಾಡಿದ್ದೂ ಉಂಟು. ಹೇಳಿ ಹೋಗಲಿಕ್ಕೆ ಸಮಯ ಉಂಟು.

ಅಂದಹಾಗೆ, ಕಳೆದ ತಿಂಗಳು ಕಡಬದಲ್ಲಿ ಇನ್ನೊಂದು ಮದುವೆ. ನಾನು ಹೋಗಿರಲಿಲ್ಲ, ಅಮ್ಮ ಫೋನಿನಲ್ಲಿ ಹೇಳಿದರು. ಯಾರೋ ಅಪ್ಪನನ್ನು ಮತ್ತೆ ಕೇಳಿದರಂತೆ, "ಮಗ ಎಂತ ಮಾಡ್ತಾನೆ?"

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರಂತೆ: "ಬರೆಯುವ ಕಂಪೆನಿಯಲ್ಲಿದ್ದಾನೆ."